ಹಾಲು ಬಿಟ್ಟ ಹಂದಿಮರಿಗೆ ಮದ್ದೋ, ಮೇವೋ?

(ನಮ್ಮ ಉಚಿತ ವಾಚನಾಲಯದ ಭಾನುವಾರದ ಅಭ್ಯಾಸಕೂಟಕ್ಕಾಗಿ ಬರೆದ ಪಾಠ)



ಪಾಠದ ಹೆಸರನ್ನು ಓದಿ ಕೆಲವರು ಮೂಗು ಮುಚ್ಚಿಕೊಂಡಾರು, ಕೆಲವರು ನಕ್ಕಾರು. ಕನ್ನಡ ಸಂಘದ ವಾಚನಾಲಯಕ್ಕೂ ಹಂದಿಮರಿಯ ಹೊಟ್ಟೆಗೂ ಏನು ಸಂಬಂಧವೆಂದು ಕೇಳಿದರೆ ತಪ್ಪೇನೂ ಅಲ್ಲ. ಆ ಸಂಬಂಧವನ್ನು ಮೊದಲು ತಿಳಿಸಿ ಅನಂತರ ಪಾಠಕ್ಕೆ ಬರುತ್ತೇನೆ.

ನಾನು ಪುಣೆಯ ಹೊರಭಾಗದಲ್ಲಿರುವ ಒಂದು ಪಶು ಆಹಾರದ ಮಿಲ್ಲಿನಲ್ಲಿ ಗುಮಾಸ್ತ. ಮೆಟ್ರಿಕ್ಕಿನ ಮುಂದೆ ಓದಿದವನಲ್ಲ. ಮೆಕ್ಕೆಜೋಳ ಎಷ್ಟು ಮೂಟೆ ಬಂತು, ಸೋಯಾ ಹಿಂಡಿ ಎಷ್ಟು ಖರ್ಚಾಯಿತು ಎಂದು ಲೆಕ್ಕ ಬರೆಯುವುದು ನನ್ನ ಕೆಲಸ. ೨೦೧೮ರಲ್ಲಿ ನನ್ನ ತಾಯಿಗೆ ಮೂತ್ರದ ಸೋಂಕು ತಗುಲಿ ಜ್ವರ ಇಳಿಯದೆ ಹೋಯಿತು. ಮೊದಲು ಕೊಟ್ಟ ಗುಳಿಗೆಗಳು ಹಿಡಿಯಲಿಲ್ಲ. ಮೂತ್ರದ ಪರೀಕ್ಷೆಯ ಕಾಗದದಲ್ಲಿ ಔಷಧಿಗಳ ಹೆಸರುಗಳು ಸಾಲಾಗಿದ್ದವು. ಅವುಗಳ ಮುಂದೆ 'ಆರ್' ಎಂದಿದ್ದರೆ ರೋಗಾಣು ಆ ಔಷಧಿಗೆ ಬಗ್ಗುವುದಿಲ್ಲವೆಂದೂ 'ಎಸ್' ಎಂದಿದ್ದರೆ ಬಗ್ಗುತ್ತದೆಂದೂ ಅರ್ಥ. ಆ ಕಾಗದದ ತುಂಬ 'ಆರ್' ಅಕ್ಷರವೇ. ಕೊನೆಯಲ್ಲಿ ಎರಡೇ ಎರಡು ಹೆಸರುಗಳ ಮುಂದೆ 'ಎಸ್' ಇತ್ತು. ವೈದ್ಯರು ಒಂದನ್ನು ಸೂಜಿಯ ಮೂಲಕ ಕೊಡಲು ಹೇಳಿ, "ಇದೂ ಹಿಡಿಯದಿದ್ದರೆ ಉಳಿದಿರುವುದು ಕೊಲಿಸ್ಟಿನ್ ಒಂದೇ" ಎಂದರು.

ದೇವರ ದಯೆಯಿಂದ ಅದು ಹಿಡಿಯಿತು, ತಾಯಿ ಮನೆಗೆ ಬಂದರು. ಆದರೆ ಕೊಲಿಸ್ಟಿನ್ ಎಂಬ ಆ ಹೆಸರು ನನಗೆ ಹೊಸದಾಗಿರಲಿಲ್ಲ. ಮಿಲ್ಲಿನ ದಾಸ್ತಾನು ಪುಸ್ತಕದಲ್ಲಿ, ಉಪ್ಪು ಮತ್ತು ಖನಿಜದ ಪುಡಿಯ ಕೆಳಗೆ, ತಿಂಗಳು ತಿಂಗಳೂ ಅದನ್ನು ಬರೆದ ಕೈ ನನ್ನದೇ. ಕೋಳಿ ಹಂದಿಗಳ ಮೇವಿಗೆ ಬೆರೆಸುವ ಪುಡಿ ಎಂದಷ್ಟೇ ನಾನು ತಿಳಿದಿದ್ದೆ. ತಾಯಿಯ ಸೋಂಕು ಮೇವಿನಿಂದಲೇ ಬಂತೆಂದು ನಾನು ಹೇಳುವುದಿಲ್ಲ. ಹಾಗೆ ಹೇಳಲು ಆಧಾರವೂ ಇಲ್ಲ. ಆದರೆ ಮನುಷ್ಯನ ಪ್ರಾಣಕ್ಕೆ ಕೊನೆಯ ಆಸರೆಯಾದ ಔಷಧಿಯನ್ನು ಮೂಟೆಯ ಲೆಕ್ಕದಲ್ಲಿ ಮೇವಿಗೆ ಏಕೆ ಬೆರೆಸುತ್ತಿದ್ದರು, ಬೆರೆಸದೆ ನಡೆಯುವುದಿಲ್ಲವೇ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಈಚೆಗೆ ನಮ್ಮ ವಾಚನಾಲಯಕ್ಕೆ ಬರುವ ಕೊಡಗಿನ ಹಿರಿಯರೊಬ್ಬರು, "ಏನಪ್ಪಾ, ನೀನು ಮೇವಿನ ಮಿಲ್ಲಿನವನಲ್ಲವೇ? ನಮ್ಮ ತಂಗಿಯ ಮಗ ಊರಲ್ಲಿ ಹಂದಿ ಸಾಕಿದ್ದಾನೆ. ಹಾಲು ಬಿಡಿಸಿದ ವಾರದಲ್ಲಿ ಮರಿಗಳೆಲ್ಲ ಭೇದಿಯಾಗಿ ಸಾಯುತ್ತವಂತೆ. ಪುಡಿ ಹಾಕದೆ ಬೇರೆ ದಾರಿ ಇಲ್ಲವೇ?" ಎಂದು ಕೇಳಿದರು. ಅವರಿಗೂ ನನಗೂ ಉತ್ತರವಾಗಲೆಂದು, ಓದಿ ತಿಳಿದಷ್ಟನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

೧. ಮದ್ದು ಮೇವಿನೊಳಗೆ ಬಂದ ಬಗೆ

ಅಮೆರಿಕದ ಲೆಡರ್ಲೆ ಪ್ರಯೋಗಶಾಲೆಯಲ್ಲಿ ಆರಿಯೋಮೈಸಿನ್ ಎಂಬ ಆಂಟಿಬಯಾಟಿಕ್ ತಯಾರಾಗುತ್ತಿತ್ತು. ಅದನ್ನು ತೆಗೆದ ಮೇಲೆ ಉಳಿದ ಚರಟವನ್ನು, ಅದರಲ್ಲಿ ಬಿ-೧೨ ಜೀವಸತ್ವ ಇರುವುದೆಂದು, ಕೋಳಿಮರಿಗಳಿಗೆ ತಿನ್ನಿಸಿ ನೋಡಿದರು. ಜೀವಸತ್ವದಿಂದ ನಿರೀಕ್ಷಿಸಿದ್ದಕ್ಕಿಂತ ಮರಿಗಳು ಹೆಚ್ಚು ಬೆಳೆದವು. ಚರಟದಲ್ಲಿ ಉಳಿದಿದ್ದ ಆಂಟಿಬಯಾಟಿಕ್ಕೇ ಇದಕ್ಕೆ ಕಾರಣವೆಂದು ಸ್ಟೋಕ್‌ಸ್ಟಾಡ್ ಮತ್ತು ಜೂಕ್ಸ್ ಎಂಬ ವಿಜ್ಞಾನಿಗಳು ೧೯೫೦ರ ಸುಮಾರಿಗೆ ಪ್ರಕಟಿಸಿದರು. ಹಂದಿಗಳಲ್ಲಿಯೂ ಅದೇ ಫಲ ಕಂಡಿತು. ೧೯೫೩ರಲ್ಲಿ ಬ್ರಿಟನ್ನು ಪೆನಿಸಿಲಿನ್ ಮೊದಲಾದವನ್ನು ಮೇವಿಗೆ ಬೆರೆಸಲು ಅನುಮತಿ ಕೊಟ್ಟಿತು. ರೋಗ ಬಂದಾಗ ಪೂರ್ತಿ ಪ್ರಮಾಣದಲ್ಲಿ ಕೊಡಬೇಕಾದ ಔಷಧಿಯನ್ನು ರೋಗವಿಲ್ಲದ ಪ್ರಾಣಿಗೆ ಪ್ರತಿದಿನ ಚಿಟಿಕೆ ಚಿಟಿಕೆಯಾಗಿ ಕೊಡುವ ಪದ್ಧತಿ ಹೀಗೆ ಬೇರೂರಿತು.

ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ ೧೯೪೫ರಲ್ಲಿಯೇ ತಮ್ಮ ನೊಬೆಲ್ ಭಾಷಣದಲ್ಲಿ, ಔಷಧಿಯನ್ನು ಸಾಲದಷ್ಟು ಪ್ರಮಾಣದಲ್ಲಿ ಕೊಟ್ಟರೆ ಸೂಕ್ಷ್ಮಾಣುಗಳು ಅದಕ್ಕೆ ಒಗ್ಗಿಕೊಳ್ಳುತ್ತವೆ ಎಂದು ಎಚ್ಚರಿಸಿದ್ದರು. ೧೯೬೯ರಲ್ಲಿ ಬ್ರಿಟನ್ನಿನ ಸ್ವಾನ್ ಸಮಿತಿಯು, ಮನುಷ್ಯರ ಚಿಕಿತ್ಸೆಗೆ ಬೇಕಾದ ಔಷಧಿಗಳನ್ನು ಬೆಳವಣಿಗೆಗಾಗಿ ಮೇವಿಗೆ ಬೆರೆಸಬಾರದೆಂದು ಹೇಳಿತು. ಹೇಳಿದ್ದು ಪೂರ್ತಿಯಾಗಿ ನಡೆಯಲು ಬಹುಕಾಲ ಹಿಡಿಯಿತು.

೨. ಹಾಲು ಬಿಡಿಸಿದ ವಾರ ಹೊಟ್ಟೆಯೊಳಗೆ ಆಗುವುದೇನು?

ಹಂದಿ ತನ್ನ ಪಾಡಿಗೆ ಇದ್ದರೆ ಮರಿಗಳಿಗೆ ಒಮ್ಮೆಲೇ ಹಾಲು ಬಿಡಿಸುವುದಿಲ್ಲ. ಮೂರು ನಾಲ್ಕು ತಿಂಗಳವರೆಗೆ ಸ್ವಲ್ಪ ಸ್ವಲ್ಪವಾಗಿ ಬಿಡಿಸುತ್ತದೆ. ದೊಡ್ಡ ಸಾಕಣೆಯಲ್ಲಾದರೋ ಮೂರು ನಾಲ್ಕು ವಾರಕ್ಕೇ ಒಂದು ದಿನ ತಾಯಿಯನ್ನು ಅತ್ತ, ಮರಿಗಳನ್ನು ಇತ್ತ ಮಾಡಿಬಿಡುತ್ತಾರೆ. ತಾಯಿ ಇಲ್ಲ, ಹಾಲಿಲ್ಲ, ಗೂಡು ಹೊಸದು, ಜೊತೆಯ ಮರಿಗಳು ಅಪರಿಚಿತ, ಮೇವು ಒಣಮೇವು. ಇಷ್ಟೆಲ್ಲವೂ ಒಂದೇ ದಿನ. ಕೆಲವು ಮರಿಗಳು ಎರಡು ದಿನವಾದರೂ ಮೇವಿಗೆ ಬಾಯಿಡುವುದಿಲ್ಲ.

ಕರುಳಿನ ಒಳಗೋಡೆಯಲ್ಲಿ ಬೆರಳಿನಾಕಾರದ ಸೂಕ್ಷ್ಮ ಎಳೆಗಳಿವೆ. ಇವಕ್ಕೆ ವಿಲ್ಲೈ ಎಂದು ಹೆಸರು. ಆಹಾರದ ಸಾರವನ್ನು ಹೀರುವುದು ಇವುಗಳ ಕೆಲಸ. ಕರುಳಿಗೆ ಆಹಾರ ಬಾರದಿದ್ದರೆ ಈ ಎಳೆಗಳು ಕೆಲವೇ ದಿನಗಳಲ್ಲಿ ಗಿಡ್ಡವಾಗುತ್ತವೆ. ಹೀರುವ ಶಕ್ತಿ ಕುಂದಿರುವ ಆ ಹೊತ್ತಿಗೇ ಹಸಿವು ತಡೆಯಲಾರದೆ ಮರಿ ಒಮ್ಮೆಲೇ ಹೊಟ್ಟೆ ಬಿರಿಯುವಂತೆ ತಿನ್ನುತ್ತದೆ. ಜೀರ್ಣವಾಗದ ಆಹಾರ ಕೆಳಗಿನ ಕರುಳಿಗೆ ಜಾರುತ್ತದೆ.

ಇನ್ನೊಂದು ಸಂಗತಿ. ಎಳೆಯ ಮರಿಯ ಜಠರಕ್ಕೆ ಹೆಚ್ಚು ಆಮ್ಲ ಸುರಿಸುವ ಶಕ್ತಿ ಇರುವುದಿಲ್ಲ. ಹಾಲು ಕುಡಿಯುವಾಗ ಈ ಕೊರತೆ ಕಾಣುವುದಿಲ್ಲ. ಹಾಲಿನ ಸಕ್ಕರೆಯಿಂದ ಒಳ್ಳೆಯ ಸೂಕ್ಷ್ಮಾಣುಗಳು ಲ್ಯಾಕ್ಟಿಕ್ ಆಮ್ಲವನ್ನು ಮಾಡಿ ಹೊಟ್ಟೆಯನ್ನು ಹುಳಿಯಾಗಿ ಇಟ್ಟಿರುತ್ತವೆ. ತಾಯಿಯ ಹಾಲಿನಲ್ಲಿರುವ ರಕ್ಷಕ ವಸ್ತುಗಳು ಕರುಳಿಗೆ ಕಾವಲಾಗಿರುತ್ತವೆ. ಹಾಲು ನಿಂತ ದಿನ ಹುಳಿಯೂ ಹೋಯಿತು, ಕಾವಲೂ ಹೋಯಿತು. ಆಗ ಇ. ಕೋಲೈ ಎಂಬ ಸೂಕ್ಷ್ಮಾಣುವಿನ ಒಂದು ಒಳಪಂಗಡ ಕರುಳಿನ ಗೋಡೆಗೆ ಅಂಟಿಕೊಂಡು ವಿಷವನ್ನು ಬಿಡುತ್ತದೆ. ಆ ವಿಷದಿಂದ ಮೈಯ ನೀರು ಕರುಳಿಗೆ ಸುರಿದು ಭೇದಿಯಾಗುತ್ತದೆ. ಮರಿ ಸಾಯುವುದು ಹೆಚ್ಚಾಗಿ ಮೈಯ ನೀರು ಬತ್ತಿ. ಮನುಷ್ಯರ ಮೂತ್ರದ ಸೋಂಕಿಗೆ ಬಹುಮಟ್ಟಿಗೆ ಕಾರಣವಾಗುವುದೂ ಇ. ಕೋಲೈಯೇ. ಕುಲ ಒಂದೇ, ಒಳಪಂಗಡ ಬೇರೆ.

ಇದರ ತಾತ್ಪರ್ಯವಿಷ್ಟು: ಇ. ಕೋಲೈ ಕಳ್ಳ ನಿಜ, ಆದರೆ ಬಾಗಿಲನ್ನು ತೆರೆದಿಟ್ಟವರು ನಾವು. ಮದ್ದು ಕಳ್ಳನನ್ನು ಹೊಡೆಯುತ್ತದೆಯೇ ಹೊರತು ಬಾಗಿಲು ಹಾಕುವುದಿಲ್ಲ.

೩. ಒಂದೇ ಗಂಟಿನಲ್ಲಿ ಕಟ್ಟಿದ ಗುಣಗಳು

ಸೂಕ್ಷ್ಮಾಣುಗಳಿಗೆ ಔಷಧಿಯನ್ನು ಎದುರಿಸುವ ಗುಣವನ್ನು ಕೊಡುವ ಜೀನುಗಳು ಹಲವು ವೇಳೆ ಪ್ಲಾಸ್ಮಿಡ್ ಎಂಬ ಚಿಕ್ಕ ಉಂಗುರದ ಮೇಲಿರುತ್ತವೆ. ಒಂದು ಸೂಕ್ಷ್ಮಾಣು ಈ ಉಂಗುರವನ್ನು ಮತ್ತೊಂದಕ್ಕೆ, ಬೇರೆ ಜಾತಿಯದಕ್ಕೂ, ದಾಟಿಸಬಲ್ಲುದು. ೨೦೧೫ರ ನವೆಂಬರಿನಲ್ಲಿ ಚೀನಾದ ವಿಜ್ಞಾನಿಗಳು, ಕೊಲಿಸ್ಟಿನ್ನನ್ನು ಎದುರಿಸುವ ಎಂಸಿಆರ್-೧ ಎಂಬ ಜೀನು ಇಂಥ ಪ್ಲಾಸ್ಮಿಡ್ಡಿನ ಮೇಲಿರುವುದನ್ನು ಪ್ರಕಟಿಸಿದರು. ಅದು ಹಂದಿಗಳಲ್ಲಿ, ಮಾಂಸದಲ್ಲಿ, ಆಸ್ಪತ್ರೆಯ ರೋಗಿಗಳಲ್ಲಿ ಮೂರೂ ಕಡೆ ಸಿಕ್ಕಿತ್ತು.

ಡೆನ್ಮಾರ್ಕಿನ ಒಂದು ಅನುಭವ ಇದಕ್ಕಿಂತ ಬೋಧಪ್ರದವಾಗಿದೆ. ಅವೊಪಾರ್ಸಿನ್ ಎಂಬ ಮೇವಿನ ಔಷಧಿಯಿಂದ, ಆಸ್ಪತ್ರೆಯಲ್ಲಿ ಬೇಕಾಗುವ ವ್ಯಾಂಕೊಮೈಸಿನ್ನಿಗೆ ಬಗ್ಗದ ಸೂಕ್ಷ್ಮಾಣುಗಳು ಬೆಳೆಯುತ್ತಿದ್ದುವು. ೧೯೯೫ರಲ್ಲಿ ಅದನ್ನು ನಿಷೇಧಿಸಿದರು. ಕೋಳಿಗಳಲ್ಲಿ ಅಂಥ ಸೂಕ್ಷ್ಮಾಣುಗಳು ಕಡಿಮೆಯಾದುವು, ಹಂದಿಗಳಲ್ಲಿ ಆಗಲಿಲ್ಲ. ಕಾರಣ ಹುಡುಕಿದಾಗ ತಿಳಿದುದೇನೆಂದರೆ, ಹಂದಿಯ ಮೇವಿನಲ್ಲಿ ಟೈಲೊಸಿನ್ ಎಂಬ ಬೇರೊಂದು ಔಷಧಿ ಇನ್ನೂ ಇತ್ತು. ಎರಡು ಔಷಧಿಗಳನ್ನು ಎದುರಿಸುವ ಜೀನುಗಳೂ ಒಂದೇ ಪ್ಲಾಸ್ಮಿಡ್ಡಿನಲ್ಲಿ ಕೂಡಿಕೊಂಡಿದ್ದುವು. ಟೈಲೊಸಿನ್ ಬಳಕೆ ತಗ್ಗಿದ ಮೇಲೆಯೇ ಹಂದಿಗಳಲ್ಲಿ ಇಳಿತ ಕಂಡಿತು. ಒಂದು ಔಷಧಿಯನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ಸಾಲದು ಎಂಬುದು ಇದರ ಪಾಠ.

೪. ಬಿಟ್ಟವರು ಪಟ್ಟ ಪಾಡು

ಮೊದಲು ಬಿಟ್ಟ ದೇಶ ಸ್ವೀಡನ್. ೧೯೮೬ರಲ್ಲಿ ಬೆಳವಣಿಗೆಗಾಗಿ ಆಂಟಿಬಯಾಟಿಕ್ ಬೆರೆಸುವುದನ್ನು ಅದು ನಿಲ್ಲಿಸಿತು. ಡೆನ್ಮಾರ್ಕಿನಲ್ಲಿ ದೊಡ್ಡ ಹಂದಿಗಳಿಗೆ ೧೯೯೮ರಲ್ಲಿಯೂ ಮರಿಗಳಿಗೆ ೧೯೯೯ರ ಕೊನೆಯ ವೇಳೆಗೂ ನಿಂತಿತು. ಐರೋಪ್ಯ ಒಕ್ಕೂಟದಲ್ಲೆಲ್ಲ ೨೦೦೬ರ ಜನವರಿ ೧ರಿಂದ ನಿಷೇಧ ಬಂತು.

ಎಲ್ಲವೂ ಸುಲಭವಾಗಿ ನಡೆಯಿತೆಂದು ಬರೆದರೆ ಸುಳ್ಳಾದೀತು. ಎರಡು ದೇಶಗಳಲ್ಲಿಯೂ ಹಾಲು ಬಿಡಿಸಿದ ಮರಿಗಳಲ್ಲಿ ಭೇದಿ ಹೆಚ್ಚಿತು. ಡೆನ್ಮಾರ್ಕಿನಲ್ಲಿ ಚಿಕಿತ್ಸೆಯ ಹೆಸರಿನಲ್ಲಿ ಔಷಧಿಯ ಬಳಕೆ ಕೆಲವು ವರ್ಷ ಏರಿತು. ಒಟ್ಟು ಬಳಕೆ ಮಾತ್ರ ನಿಷೇಧಕ್ಕೆ ಹಿಂದಿನ ಮಟ್ಟಕ್ಕಿಂತ ಬಹಳ ಕೆಳಗೇ ಉಳಿಯಿತು. ೨೦೧೦ರಲ್ಲಿ ಅಲ್ಲಿ 'ಹಳದಿ ಚೀಟಿ'ಯ ಪದ್ಧತಿ ಬಂತು. ಮಿತಿಮೀರಿ ಔಷಧಿ ಬಳಸಿದ ಸಾಕಣೆಗಾರನಿಗೆ ಸರಕಾರದಿಂದ ಹಳದಿ ಚೀಟಿ ಬರುತ್ತದೆ. ಅವನು ಬಳಕೆ ತಗ್ಗಿಸಲೇಬೇಕು. ಯಾರು, ಯಾವ ಪ್ರಾಣಿಗೆ, ಎಷ್ಟು ಕೊಟ್ಟರೆಂಬ ಲೆಕ್ಕ ಮೊದಲೇ ಇದ್ದುದರಿಂದ ಇದು ಸಾಧ್ಯವಾಯಿತು. ಗುಮಾಸ್ತನಾದ ನನಗೆ ಈ ಮಾತು ಬಹಳ ಹಿಡಿಸಿತು: ಲೆಕ್ಕವಿಲ್ಲದಲ್ಲಿ ಮಿತವೂ ಇಲ್ಲ.

ಔಷಧಿ ಬಿಟ್ಟವರಲ್ಲಿ ಅನೇಕರು ಜಿಂಕ್ ಆಕ್ಸೈಡಿಗೆ ಮೊರೆಹೋದರು. ಮೇವಿನ ಒಂದು ಕಿಲೋವಿಗೆ ೨,೫೦೦ ಮಿಲಿಗ್ರಾಂ ಸತುವಿನಂತೆ ಎರಡು ವಾರ ಕೊಟ್ಟರೆ ಭೇದಿ ನಿಲ್ಲುತ್ತಿತ್ತು. ಎಂದರೆ ಒಂದು ಟನ್ ಮೇವಿಗೆ ಎರಡೂವರೆ ಕಿಲೋ ಸತುವು. ಅದರಲ್ಲಿ ಹೆಚ್ಚಿನದು ಸಗಣಿಯೊಡನೆ ಹೊಲಕ್ಕೆ ಹೋಗಿ ಮಣ್ಣಿನಲ್ಲಿ ಕೂಡುತ್ತದೆ. ಸತುವನ್ನು ತಾಳುವ ಸೂಕ್ಷ್ಮಾಣುಗಳಲ್ಲಿ ಕೆಲವು ಔಷಧಿಯನ್ನೂ ತಾಳುತ್ತವೆ. ಮೇಲೆ ಹೇಳಿದ ಒಂದೇ ಗಂಟಿನ ಕಥೆಯೇ ಇಲ್ಲಿಯೂ. ಆದುದರಿಂದ ಐರೋಪ್ಯ ಒಕ್ಕೂಟ ೨೦೧೭ರಲ್ಲಿ ತೀರ್ಮಾನಿಸಿ, ೨೦೨೨ರ ಜೂನ್ ತಿಂಗಳಿಗೆ ಇದನ್ನೂ ನಿಲ್ಲಿಸಿತು. ಅದೇ ವರ್ಷದ ಜನವರಿಯಿಂದ, ರೋಗವಿಲ್ಲದಿದ್ದರೂ ವಾಡಿಕೆಯಾಗಿ ಆಂಟಿಬಯಾಟಿಕ್ ಕೊಡುವುದೂ ಅಲ್ಲಿ ಕಾನೂನಿಗೆ ವಿರುದ್ಧವಾಯಿತು. ಉಳಿದುದು ಒಂದೇ ದಾರಿ: ಮರಿಯ ಹೊಟ್ಟೆಯನ್ನು ಅರಿತು ಮೇವು ಕೊಡುವುದು.

೫. ಮೇವಿನಲ್ಲಿ ಮಾಡಬೇಕಾದುದು

"ಊಟ ಬಲ್ಲವನಿಗೆ ರೋಗವಿಲ್ಲ" ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ನಮ್ಮ ಮನೆಗಳಲ್ಲಿ ಕೂಸಿಗೆ ಅನ್ನಪ್ರಾಶನವಾದ ಮರುದಿನವೇ ಹುರುಳಿಕಾಳಿನ ಸಾರು ಹಾಕುತ್ತೇವೆಯೇ? ರಾಗಿ ಸರಿ, ತೆಳ್ಳನೆಯ ಗಂಜಿ ಎಂದು ಮೆಲ್ಲಗೆ ಹೋಗುತ್ತೇವೆ. ಹಂದಿಮರಿಯ ವಿಷಯದಲ್ಲಿಯೂ ತತ್ತ್ವ ಅದೇ.

(ಅ) ಪ್ರೋಟೀನು ಮಿತವಾಗಿರಲಿ. ಬೇಗ ಬೆಳೆಯಲೆಂದು ಮರಿಯ ಮೇವಿನಲ್ಲಿ ನೂರಕ್ಕೆ ೨೨ರಷ್ಟು ಪ್ರೋಟೀನು ಇಡುವುದುಂಟು. ಜೀರ್ಣವಾಗದೆ ಉಳಿದ ಪ್ರೋಟೀನು ಕೆಳಗಿನ ಕರುಳಿನಲ್ಲಿ ಕೊಳೆತು ಅಮೋನಿಯ ಮುಂತಾದ ಕೆಟ್ಟ ವಸ್ತುಗಳನ್ನು ಹುಟ್ಟಿಸುತ್ತದೆ. ಕೆಟ್ಟ ಸೂಕ್ಷ್ಮಾಣುಗಳಿಗೆ ಅದೇ ಹಬ್ಬದೂಟ. ಆದುದರಿಂದ ಅದನ್ನು ೧೮ರ ಸುಮಾರಿಗೆ ಇಳಿಸಿ, ಕೊರತೆ ಬೀಳುವ ಲೈಸಿನ್, ಮೆಥಿಯೊನಿನ್, ಥ್ರಿಯೊನಿನ್, ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲಗಳನ್ನು ಬೇರೆಯಾಗಿ ಬೆರೆಸುತ್ತಾರೆ.

ಒಂದು ಲೆಕ್ಕ ಮಾಡೋಣ. ಮೆಕ್ಕೆಜೋಳದಲ್ಲಿ ನೂರಕ್ಕೆ ೮.೫, ಸೋಯಾ ಹಿಂಡಿಯಲ್ಲಿ ೪೫ ಪ್ರೋಟೀನು ಎಂದಿಟ್ಟುಕೊಳ್ಳಿ. ಇವೆರಡೇ ಸೇರಿದ ೧೦೦ ಕಿಲೋ ಮೇವಿನಲ್ಲಿ ೨೨ ಕಿಲೋ ಪ್ರೋಟೀನು ಬರಬೇಕಾದರೆ ೩೭ ಕಿಲೋ ಸೋಯಾ ಹಿಂಡಿ ಬೇಕು. ೧೮ ಕಿಲೋ ಸಾಕೆಂದರೆ ೨೬ ಕಿಲೋ ಸಾಕು. ಹನ್ನೊಂದು ಕಿಲೋ ಹಿಂಡಿಯ ಭಾರ ಎಳೆಯ ಹೊಟ್ಟೆಯ ಮೇಲಿನಿಂದ ಇಳಿಯಿತು. (ಇದು ತತ್ತ್ವವನ್ನು ತಿಳಿಯಲು ಮಾಡಿದ ಲೆಕ್ಕವೇ ಹೊರತು ಮೇವಿನ ಪಟ್ಟಿಯಲ್ಲ. ನಿಜವಾದ ಮೇವಿಗೆ ಖನಿಜ, ಜೀವಸತ್ವ ಮೊದಲಾದವೂ ಬೇಕು.)

(ಆ) ಸುಲಭವಾಗಿ ಜೀರ್ಣವಾಗುವುದನ್ನು ಆರಿಸಬೇಕು. ಹಸಿ ಸೋಯಾದಲ್ಲಿ ಜೀರ್ಣಶಕ್ತಿಯನ್ನು ತಡೆಯುವ ವಸ್ತುಗಳಿವೆ. ಸರಿಯಾಗಿ ಕಾಯಿಸಿದರೆ ಅವು ಬಹುಮಟ್ಟಿಗೆ ಹೋಗುತ್ತವೆ. ಹಾಗಿದ್ದರೂ ಸೋಯಾದ ಕೆಲವು ಪ್ರೋಟೀನುಗಳು ಎಳೆಯ ಕರುಳಿಗೆ ಒಗ್ಗುವುದಿಲ್ಲ. ಮೊದಲ ವಾರಗಳಲ್ಲಿ ಹಾಲಿನ ಪುಡಿ, ಹಾಲೊಡೆದ ನೀರಿನ ಪುಡಿ, ಮೀನಿನ ಹುಡಿ, ಬೇಯಿಸಿದ ಧಾನ್ಯ ಇವುಗಳಿಂದ ಆರಂಭಿಸಿ, ಸೋಯಾವನ್ನು ಕ್ರಮವಾಗಿ ಹೆಚ್ಚಿಸುತ್ತಾರೆ.

(ಇ) ಹೊಟ್ಟೆ ಹುಳಿಯಾಗಿರಲಿ. ಉಪ್ಪಿನಕಾಯಿ ಏಕೆ ಕೆಡುವುದಿಲ್ಲವೆಂಬುದು ನಮ್ಮ ಮನೆಯ ಹೆಂಗಸರಿಗೆ ಗೊತ್ತು. ಹಾಗೆಯೇ ಫಾರ್ಮಿಕ್, ಲ್ಯಾಕ್ಟಿಕ್, ಸಿಟ್ರಿಕ್, ಬೆಂಜೋಯಿಕ್ ಆಮ್ಲಗಳನ್ನು ಗೊತ್ತಾದ ಪ್ರಮಾಣದಲ್ಲಿ ಮೇವಿಗೋ ನೀರಿಗೋ ಬೆರೆಸಿದರೆ ಜಠರದಲ್ಲಿ ಕೆಟ್ಟ ಸೂಕ್ಷ್ಮಾಣುಗಳು ತಗ್ಗುತ್ತವೆ. ಇದರ ಜೊತೆಗೆ ಸುಣ್ಣಕಲ್ಲಿನ ಪುಡಿಯನ್ನು ಆ ವಾರಗಳಲ್ಲಿ ಕಡಿಮೆ ಮಾಡಬೇಕು. ಸುಣ್ಣ ಆಮ್ಲವನ್ನು ನುಂಗುತ್ತದೆ. ಒಂದು ಕೈಯಿಂದ ಹುಳಿ ಹಾಕಿ ಇನ್ನೊಂದು ಕೈಯಿಂದ ಸುಣ್ಣ ಹಾಕಿದರೆ ಫಲವೇನು? ಧಾನ್ಯದ ಹಿಟ್ಟನ್ನು ನೀರಿನಲ್ಲಿ ಕಲಸಿ, ಲ್ಯಾಕ್ಟಿಕ್ ಸೂಕ್ಷ್ಮಾಣುಗಳಿಂದ ಹುದುಗೆಬ್ಬಿಸಿ ಕೊಡುವ ಪದ್ಧತಿಯೂ ಡೆನ್ಮಾರ್ಕ್ ಮುಂತಾದೆಡೆ ಉಂಟು. ಬೇರೆಯಾಗಿ ಬೆರೆಸುವ ಅಮೈನೊ ಆಮ್ಲಗಳನ್ನು ಮಾತ್ರ ಹುದುಗು ಬಂದ ಮೇಲೆ ಹಾಕಬೇಕು, ಮೊದಲೇ ಹಾಕಿದರೆ ಸೂಕ್ಷ್ಮಾಣುಗಳು ಅವನ್ನು ತಿಂದುಹಾಕುತ್ತವೆ.

(ಈ) ಸ್ವಲ್ಪ ನಾರು ಇರಲಿ. ಎಳೆಯ ಮರಿಗೆ ನಾರು ಕೂಡದೆಂದು ಹಿಂದೆ ನಂಬಿದ್ದರು. ಓಟ್ಸಿನ ಹೊಟ್ಟು, ಗೋಧಿ ಬೂಸಾ ಇವುಗಳನ್ನು ಮಿತವಾಗಿ ಬೆರೆಸಿದರೆ ಕರುಳು ಚಲಿಸುತ್ತಿರುತ್ತದೆ, ಕೆಟ್ಟ ಸೂಕ್ಷ್ಮಾಣುಗಳಿಗೆ ನಿಂತು ಬೇರುಬಿಡಲು ಸಮಯ ಸಿಗುವುದಿಲ್ಲವೆಂದು ಈಗ ತಿಳಿದಿದೆ. ನಾರನ್ನು ತಿಂದು ಒಳ್ಳೆಯ ಸೂಕ್ಷ್ಮಾಣುಗಳು ಬ್ಯುಟಿರಿಕ್ ಆಮ್ಲವನ್ನು ಮಾಡುತ್ತವೆ. ದೊಡ್ಡ ಕರುಳಿನ ಒಳಗೋಡೆಗೆ ಅದೇ ಆಹಾರ.

ಪೇಟೆಯಲ್ಲಿ ಯೀಸ್ಟು, ಒಳ್ಳೆಯ ಸೂಕ್ಷ್ಮಾಣುಗಳ ಪುಡಿ, ಸೊಪ್ಪುಗಳ ಎಣ್ಣೆ ಎಂದು ಬಗೆಬಗೆಯ ಡಬ್ಬಿಗಳು ಸಿಗುತ್ತವೆ. ಕೆಲವು ಕೆಲವೆಡೆ ನೆರವಾಗಬಹುದು. ಆದರೆ ಮೇಲಿನ ನಾಲ್ಕನ್ನು ಬಿಟ್ಟು ಡಬ್ಬಿಯೊಂದನ್ನೇ ನಂಬಿದರೆ ಕೈ ಸುಡುತ್ತದೆ.

೬. ಮೇವು ಒಂದೇ ಸಾಲದು

ಹುಟ್ಟಿದ ಮರಿಗೆ ಮೊದಲ ದಿನವೇ ಗಿಣ್ಣುಹಾಲು ಹೊಟ್ಟೆತುಂಬ ಸಿಗಬೇಕು. ರೋಗ ತಡೆಯುವ ವಸ್ತುಗಳು ಹಂದಿಯಲ್ಲಿ ಗರ್ಭದೊಳಗೆ ಮರಿಗೆ ದಾಟುವುದಿಲ್ಲ, ಗಿಣ್ಣಿನಲ್ಲಿಯೇ ಬರಬೇಕು. ತಾಯಿಯ ಬಳಿ ಇರುವಾಗಲೇ ಒಣಮೇವಿನ ರುಚಿ ತೋರಿಸಬೇಕು. ನಾಲ್ಕು ವಾರ ತುಂಬುವವರೆಗೆ ಹಾಲು ಬಿಡಿಸಬಾರದು. ಐರೋಪ್ಯ ಒಕ್ಕೂಟದ ನಿಯಮವೂ ಸಾಮಾನ್ಯವಾಗಿ ೨೮ ದಿನ. ಬಿಡಿಸಿದ ದಿನಗಳಲ್ಲಿ ಮೇವನ್ನು ನೀರಿನಲ್ಲಿ ಕಲಸಿ, ದಿನಕ್ಕೆ ಹಲವು ಸಲ ಸ್ವಲ್ಪ ಸ್ವಲ್ಪವಾಗಿ ಇಡಬೇಕು. ಗೂಡು ಒಣಗಿ ಬೆಚ್ಚಗಿರಬೇಕು, ನೀರು ಶುದ್ಧವಾಗಿರಬೇಕು. ಒಂದು ತಂಡ ಪೂರ್ತಿ ಹೊರಟ ಮೇಲೆ ಗೂಡನ್ನು ತೊಳೆದು ಒಣಗಿಸಿ ಇನ್ನೊಂದು ತಂಡವನ್ನು ಬಿಡಬೇಕು. ಈ ಭೇದಿಯನ್ನು ತಡೆಯುವ ಲಸಿಕೆಗಳೂ ಇವೆ.

ಇಷ್ಟಾದರೂ ಮರಿಗೆ ಭೇದಿಯಾದರೆ? ಮದ್ದು ಕೊಡಬಾರದೆಂದು ಈ ಪಾಠ ಹೇಳುವುದಿಲ್ಲ. ಕೂಡಲೇ ಉಪ್ಪು ಸಕ್ಕರೆ ಬೆರೆಸಿದ ನೀರು ಕುಡಿಸಿ, ಪಶುವೈದ್ಯರನ್ನು ಕರೆಸಿ, ಅವರು ಹೇಳಿದ ಔಷಧಿಯನ್ನು ಹೇಳಿದಷ್ಟು ದಿನ ಪೂರ್ತಿ ಕೊಡಬೇಕು. ರೋಗಿಗೆ ಮದ್ದು, ರೋಗವಿಲ್ಲದವನಿಗೆ ಮೇವು.

೭. ನಮ್ಮ ನಾಡಿನ ಮಾತು

೨೦೧೯ರ ಜಾನುವಾರು ಗಣತಿಯಂತೆ ಭಾರತದಲ್ಲಿ ಸುಮಾರು ೯೦ ಲಕ್ಷ ಹಂದಿಗಳಿದ್ದುವು. ಅಸ್ಸಾಮಿಗೆ ಮೊದಲ ಸ್ಥಾನ. ನಮ್ಮ ಕೊಡಗು, ಮಂಗಳೂರು ಕಡೆಗಳಲ್ಲಿಯೂ ಹಂದಿಯ ಮಾಂಸಕ್ಕೆ ಊಟದಲ್ಲಿ ಹಳೆಯ ಸ್ಥಾನವಿದೆ. ಅದೇ ವರ್ಷದ ಜುಲೈಯಲ್ಲಿ ಭಾರತ ಸರಕಾರ, ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೂ ಅವುಗಳ ಮೇವಿಗೂ ಕೊಲಿಸ್ಟಿನ್ ಮಾರುವುದನ್ನು ನಿಷೇಧಿಸಿತು. ನಮ್ಮ ಮಿಲ್ಲಿನ ಪುಸ್ತಕದಲ್ಲಿ ಆ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದವನೂ ನಾನೇ. ಇಷ್ಟು ವರ್ಷ ಲೆಕ್ಕ ಬರೆದಿದ್ದೇನೆ, ಒಂದು ಸಾಲನ್ನು ಹೊಡೆದು ಅಷ್ಟು ಸಂತೋಷಪಟ್ಟದ್ದು ಬೇರೆ ನೆನಪಿಲ್ಲ.

ಕೊಡಗಿನ ಹಿರಿಯರಿಗೆ ನಾನು ಹೇಳಿದ್ದು ಇಷ್ಟೇ: "ನಿಮ್ಮ ತಂಗಿಯ ಮಗನಿಗೆ ತಿಳಿಸಿ. ಒಂದು ವಾರ ತಡೆದು ಹಾಲು ಬಿಡಿಸಲಿ, ಹಿಂಡಿಯನ್ನು ಇಳಿಸಲಿ, ಗೂಡನ್ನು ಒಣಗಿಸಲಿ, ಊರ ಪಶುವೈದ್ಯರನ್ನು ಕೇಳಿ ಉಳಿದುದನ್ನು ಗೊತ್ತುಮಾಡಲಿ." ಅವರು ಈ ಪಾಠದ ಒಂದು ಪ್ರತಿಯನ್ನು ಊರಿಗೆ ಕಳುಹಿಸಲು ಕೇಳಿದ್ದಾರೆ.

ಹಂದಿ ಸಾಕದವರಿಗೂ ಈ ಪಾಠದಿಂದ ಒಂದು ಕೆಲಸವಿದೆ. ನೆಗಡಿಗೆ ಅಂಗಡಿಯಿಂದ ತಾವೇ ಆಂಟಿಬಯಾಟಿಕ್ ತಂದು ಎರಡು ದಿನ ನುಂಗಿ ಬಿಡುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಮೇವಿನಲ್ಲಿ ಚಿಟಿಕೆ ಬೆರೆಸುವವನಿಗೂ ನಮಗೂ ಆಗ ವ್ಯತ್ಯಾಸವೇನು? ಪರೀಕ್ಷೆಯ ಕಾಗದದಲ್ಲಿ 'ಎಸ್' ಎಂಬ ಅಕ್ಷರ ನಮ್ಮ ಮಕ್ಕಳ ಕಾಲಕ್ಕೂ ಉಳಿಯಬೇಕಾದರೆ ಕೊಟ್ಟಿಗೆಯಲ್ಲಿಯೂ ಮನೆಯಲ್ಲಿಯೂ ಒಂದೇ ನಿಯಮ ನಡೆಯಬೇಕು.

ಅಭ್ಯಾಸಕ್ಕೆ ಪ್ರಶ್ನೆಗಳು

೧. ಹಾಲು ನಿಂತೊಡನೆ ಮರಿಯ ಹೊಟ್ಟೆಯ ಹುಳಿ ಏಕೆ ಕಡಿಮೆಯಾಗುತ್ತದೆ?
೨. ಅವೊಪಾರ್ಸಿನ್ ನಿಂತರೂ ಡೆನ್ಮಾರ್ಕಿನ ಹಂದಿಗಳಲ್ಲಿ ಔಷಧಿಗೆ ಬಗ್ಗದ ಸೂಕ್ಷ್ಮಾಣುಗಳು ಉಳಿದುದೇಕೆ?
೩. ಮೇಲಿನ ಲೆಕ್ಕದಂತೆಯೇ, ೧೦೦ ಕಿಲೋ ಮೇವಿನಲ್ಲಿ ೨೦ ಕಿಲೋ ಪ್ರೋಟೀನು ಬರಲು ಸೋಯಾ ಹಿಂಡಿ ಎಷ್ಟು ಬೇಕು? (ಉತ್ತರ: ಸುಮಾರು ೩೧ ಕಿಲೋ ೫೦೦ ಗ್ರಾಂ.)
೪. ಕಳೆದ ಒಂದು ವರ್ಷದಲ್ಲಿ ನಿಮ್ಮ ಮನೆಯಲ್ಲಿ ವೈದ್ಯರ ಚೀಟಿಯಿಲ್ಲದೆ ತಂದ ಆಂಟಿಬಯಾಟಿಕ್ ಎಷ್ಟು? ಇದಕ್ಕೆ ಉತ್ತರವನ್ನು ನಮಗೆ ಹೇಳಬೇಕಾಗಿಲ್ಲ. ತಮ್ಮಲ್ಲೇ ಲೆಕ್ಕ ಮಾಡಿಕೊಂಡರೆ ಸಾಕು.